ಒಂದು ಕೈಗೆ ಒಂದು ಬಟ್ಟೆ

ಜನವರಿ 9

ತಂಗೀ,

ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳೆ, ಇವಳಿಗೇನಾಯಿತು ಎಂದು ಹುಬ್ಬು ಗಂಟಿಕ್ಕಬೇಡ. ಫೋನನ್ನು ನೀನು ಬೇಗ ಇಟ್ಟುಬಿಡುತ್ತೀಯ. ‘ಮೀಟಿಂಗ್ ಇದೆ ಅಕ್ಕಾ, ಆಮೇಲೆ ಮಾಡ್ತೀನಿ’ ಅನ್ನುತ್ತೀಯ, ಆ ಆಮೇಲೆ ಬರುವುದೇ ಇಲ್ಲ. ಕಾಗದವಾದರೆ ಮೇಜಿನ ಮೇಲೆ ಬಿದ್ದಿದ್ದು ಒಂದಲ್ಲ ಒಂದು ದಿನ ಕಣ್ಣಿಗೆ ಬೀಳುತ್ತದೆ. ನಿನ್ನ ಮನೆಯಿಂದ ಬಂದು ಎರಡು ವರ್ಷವಾಯಿತು. ಅವತ್ತು ನಿನ್ನ ಆಫೀಸಿನವರು ಊಟಕ್ಕೆ ಬಂದಿದ್ದಾಗ ನಾನು ಕೈ ತೊಳೆದು ಕಿಟಕಿಯ ಪರದೆಗೆ ಒರೆಸಿದ್ದು, ನೀನು ಎಲ್ಲರ ಮುಂದೆ ‘ಅಕ್ಕಾ, ನಿಂಗೆ ಎಷ್ಟು ಸಲ ಹೇಳೋದು’ ಎಂದು ರೇಗಿದ್ದು, ನಾನು ಬೆಳಿಗ್ಗೆ ಮೊದಲ ಬಸ್ಸು ಹಿಡಿದದ್ದು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನೀನೂ ಹಾಕಿಕೊ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಹೊಸ ಕೆಲಸ ಸಿಕ್ಕಿದೆ. ಆಸ್ಪತ್ರೆಯ ವಾರ್ಡುಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆ. ಅಡುಗೆಗಲ್ಲ, ಕೆಲಸದವರ ಬಚ್ಚಲು ನೋಡಿಕೊಳ್ಳಲು ಇಟ್ಟುಕೊಂಡಿದ್ದಾರೆ. ಆರು ನಲ್ಲಿ, ನಾಲ್ಕು ಪಾಯಿಖಾನೆ, ಮೇಲಕ್ಕೊಂದು ಸಣ್ಣ ಕಿಟಕಿ. ನಗಬೇಡ. ನೀನು ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಿಕೊಂಡು ಹುಡುಕುವ ಕ್ರಿಮಿಯನ್ನೇ ನಾನು ಏಪ್ರನ್ ಕಟ್ಟಿಕೊಂಡು ಓಡಿಸುತ್ತೇನೆ. ಅಕ್ಕತಂಗಿಯರದು ಒಂದೇ ಕಸುಬಾಯಿತು.

ಇಲ್ಲಿ ಆಳುಗಳನ್ನು ‘ಕೈ’ ಎಂದೇ ಎಣಿಸುತ್ತಾರೆ. ‘ಇವತ್ತು ಎಷ್ಟು ಕೈ ಬಂದಿವೆ? ಸೂಪಿಗೆ ಇನ್ನೆರಡು ಕೈ ಕೊಡಿ’ ಹೀಗೆ. ಒಟ್ಟು ಮೂವತ್ತೆಂಟು ಕೈ ಎಂದು ಮೇಲ್ವಿಚಾರಕರು ಹೇಳಿದಾಗ ನಾನು ಹತ್ತೊಂಬತ್ತು ಜನ ಎಂದುಕೊಂಡೆ. ಆ ಜಾಣತನವನ್ನು ಇನ್ನೂ ಹೇಳಿ ನಗುತ್ತಾರೆ.

ಗೋಡೆಗೆ ಕೈ ಒಣಗಿಸುವ ಮಷೀನು ಹಾಕಿದ್ದಾರೆ. ಅದರ ಬೊಬ್ಬೆ ಹೊರಗಿನ ರಸ್ತೆಗೂ ಕೇಳುತ್ತದೆ. ಪೂರ್ತಿ ಒಣಗಬೇಕಾದರೆ ಅದರ ಮುಂದೆ ಒಳ್ಳೇ ಹೊತ್ತು ನಿಲ್ಲಬೇಕು, ಅಷ್ಟು ಪುರುಸೊತ್ತು ಯಾರಿಗಿದೆ? ಒಂದು ಸಲ ಕೈ ತೋರಿಸಿದ ಶಾಸ್ತ್ರ ಮಾಡಿ ಉಳಿದದ್ದನ್ನು ಏಪ್ರನ್ನಿಗೆ ಒರೆಸಿಕೊಂಡು ಓಡುತ್ತಾರೆ. ತರಕಾರಿ ಸಿಪ್ಪೆ ತೆಗೆಯುವ ಹೆಂಗಸೊಬ್ಬಳಿದ್ದಾಳೆ, ಅರವತ್ತು ದಾಟಿದವಳು, ಎಲ್ಲರೂ ಸಿಪ್ಪೆಯಮ್ಮ ಅನ್ನುತ್ತಾರೆ. ದಿನವಿಡೀ ನೀರಲ್ಲಿ ಕೈಯಿಟ್ಟು ಬೆರಳುಗಳೆಲ್ಲ ಸೀಳಿವೆ. ಆ ಬಿಸಿಗಾಳಿ ತಾಗಿದರೆ ರಕ್ತ ಬರುತ್ತದೆ. ‘ಇದು ಒಣಗ್ಸೋ ಮಷೀನೋ ಸುಡೋ ಮಷೀನೋ’ ಎಂದು ಅದಕ್ಕೆ ಬೈದು ಒದ್ದೆ ಕೈಯಲ್ಲೇ ಹೋಗುತ್ತಾಳೆ. ಕೈ ಒರೆಸುವ ಪೇಪರ್ ಇಡಿ ಎಂದು ಮೇಲ್ವಿಚಾರಕರನ್ನು ಕೇಳಿದೆ. ‘ಅದನ್ನ ಕಮೋಡಿಗೆ ತುರುಕಿ ಪೈಪು ಕಟ್ಟಿಸ್ತೀರಿ’ ಎಂದರು.

ಮನೆಯಿಂದ ಒಂದು ಟವೆಲ್ ತಂದು ಹಾಕೋಣ ಎಂದುಕೊಂಡಿದ್ದೇನೆ. ಇದು ಸರಿಯೋ ತಪ್ಪೋ ನೀನೇ ಹೇಳಬೇಕು. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನಲ್ಲಿಯಿಂದ ಓಡಿ ಬಂದು ನನ್ನ ಅಂಗಿಯ ಬೆನ್ನಿಗೇ ಕೈ ಒರೆಸುತ್ತಿದ್ದೆ. ಒದ್ದೆಕೈ ಎಂದು ಹೆಸರಿಟ್ಟಿದ್ದೆ ನಿನಗೆ. ಈಗ ಒದ್ದೆಕೈ ವಿಷಯದಲ್ಲಿ ನೀನೇ ಪಂಡಿತೆ. ಬರೆ.

ಇತಿ,
ನಿನ್ನ ಅಕ್ಕ

ಜನವರಿ 21

ಅಕ್ಕನಿಗೆ,

ಕಾಗದ ತಲುಪಿತು. ಕೆಲಸ ಸಿಕ್ಕಿದ್ದು ಸಂತೋಷ.

ಟವೆಲ್ ಖಂಡಿತ ಬೇಡ. ಒದ್ದೆ ಕೈ ಒಣ ಕೈಗಿಂತ ಹೆಚ್ಚು ಕ್ರಿಮಿ ಹರಡುತ್ತದೆ, ಹಲವರು ಒರೆಸಿದ ಒದ್ದೆ ಟವೆಲ್ ಅದಕ್ಕಿಂತ ಕೆಟ್ಟದ್ದು. ಪೇಪರ್ ಎಲ್ಲಕ್ಕಿಂತ ಉತ್ತಮ, ಮತ್ತೊಮ್ಮೆ ಕೇಳು. ಬಟ್ಟೆಯೇ ಆಗಬೇಕೆಂದರೆ ನಿಯಮ ಇಷ್ಟೇ: ಒಂದು ಕೈಗೆ ಒಂದು ಬಟ್ಟೆ. ಇದರಲ್ಲಿ ರಾಜಿ ಇಲ್ಲ.

ಈ ತಿಂಗಳು ತುಂಬಾ ಕೆಲಸವಿದೆ. ಉತ್ತರ ತಡವಾದರೆ ಬೇಸರ ಮಾಡಿಕೊಳ್ಳಬೇಡ. ಆರೋಗ್ಯ ನೋಡಿಕೊ.

ಇತಿ,
ತಂಗಿ

ಫೆಬ್ರವರಿ 16

ಒದ್ದೆಕೈ,

ಇನ್ನು ನಿನ್ನ ಮನೆಗೆ ಬಂದರೆ ಪರದೆಗಳನ್ನೆಲ್ಲ ಬಿಚ್ಚಿ ಒಳಗಿಡುವ ಕಷ್ಟ ನಿನಗಿಲ್ಲ. ನನ್ನ ಬಟ್ಟೆ ನಾನೇ ತರುತ್ತೇನೆ! ನಿನ್ನ ಆಫೀಸಿನ ಆ ಎತ್ತರದ ಹೆಂಗಸು ಅವತ್ತು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಆ ಮೂರು ನೋಟ ನೆನೆದರೆ ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ. ನಿನ್ನನ್ನು ಓದಿಸಲು ನಾನು ಎಷ್ಟು ಮನೆಯ ಪರದೆ ಒಗೆದಿದ್ದೆ ಎಂದು ಅವಳಿಗೆ ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂದಿತ್ತು. ನಿನ್ನ ಮುಖ ನೋಡಿ ನುಂಗಿಕೊಂಡೆ. ಹೋಗಲಿ, ಇದು ತಮಾಷೆಗೆ ಬರೆದದ್ದು, ಮೂಗಿನ ತುದಿಗೆ ಕೋಪ ತಂದುಕೊಳ್ಳಬೇಡ.

ನೀನು ಹೇಳಿದ ಹಾಗೆಯೇ ಮಾಡಿದ್ದೇನೆ. ಆಸ್ಪತ್ರೆಯವರು ಹರಿದ ಹಾಸಿಗೆಯ ಹೊದಿಕೆಗಳನ್ನು ಬಿಸಾಡುತ್ತಿದ್ದರು. ಕೇಳಿ ತಂದು, ಕುದಿಸಿ, ಕತ್ತರಿಸಿ, ಅಂಚು ಮಡಿಚಿ ಹೊಲಿದು ಮೂವತ್ತೆಂಟು ಕೈಗೆ ಮೂವತ್ತೆಂಟು ಬಟ್ಟೆ. ನಲ್ಲಿಯ ಎದುರು ಗೋಡೆಗೆ ಮೂವತ್ತೆಂಟು ಮೊಳೆ. ಯಾರದು ಯಾವುದು ಎಂದು ಗೊತ್ತಾಗಬೇಕಲ್ಲ, ಮೂಲೆಯಲ್ಲೊಂದು ಗುರುತು ಹೊಲಿದೆ. ಬ್ರೆಡ್ ಕತ್ತರಿಸುವವನಿಗೆ ಬ್ರೆಡ್ಡು, ವ್ಯಾನ್ ಡ್ರೈವರನಿಗೆ ಚಕ್ರ, ಪಾತ್ರೆ ತೊಳೆಯುವ ಅಣ್ಣತಮ್ಮಂದಿರಿಗೆ ದೊಡ್ಡ ಚಮಚ, ಸಣ್ಣ ಚಮಚ. ಸೂಪಿನವನು ತನಗೆ ಸಿಂಹವೇ ಬೇಕೆಂದು ಹಟ ಹಿಡಿದ. ಹೊಲಿದು ಕೊಟ್ಟೆ. ಅದು ಬೆಕ್ಕಿನ ಹಾಗಿದೆ ಎಂದು ಎಲ್ಲರೂ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಾರೆ.

ಸಿಪ್ಪೆಯಮ್ಮನಿಗೆ ಬಟಾಣಿ ಕಾಯಿ. ಒಳಗೆ ಐದು ಕಾಳು, ಹಸಿರು ದಾರದಲ್ಲಿ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ‘ಕೆಲಸಕ್ಕೆ ಸೇರಿ ಮೂವತ್ತು ವರ್ಷ ಆಯ್ತು, ನಂದು ಅಂತ ಇಲ್ಲಿ ಇರೋದು ಇದೊಂದೇ ನೋಡಮ್ಮ’ ಎಂದಳು. ಕೈ ಒತ್ತಿ ಒರೆಸುವುದಿಲ್ಲ, ಹಸುಗೂಸಿನ ಮೈ ಒರೆಸುವ ಹಾಗೆ ಮುಟ್ಟಿ ಮುಟ್ಟಿ ತೆಗೆಯುತ್ತಾಳೆ. ಈಗ ರಕ್ತವಿಲ್ಲ. ಮಷೀನಿನ ಸ್ವಿಚ್ಚು ಯಾರೋ ತೆಗೆದಿದ್ದಾರೆ, ಬಚ್ಚಲಿನಲ್ಲಿ ಈಗ ಮಾತು ಕೇಳುತ್ತದೆ.

ನಿನ್ನ ಕಾಗದವನ್ನೇ ಗೋಡೆಗೆ ಅಂಟಿಸಿದ್ದೇನೆ. ‘ಒಂದು ಕೈಗೆ ಒಂದು ಬಟ್ಟೆ’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಮೇಲ್ವಿಚಾರಕರು ಓದಿ, ‘ಪ್ರಯೋಗಾಲಯದವರೇ ಹೇಳಿದ್ದಾರೆ ಅಂದ್ಮೇಲೆ ಸರಿ’ ಎಂದು ತಲೆಯಾಡಿಸಿದರು. ನನ್ನ ತಂಗಿ ಎಂದು ಹೇಳುವಾಗ ಎಷ್ಟು ಹಿಗ್ಗಾಯಿತು ಗೊತ್ತೇ?

ಎರಡು ಅನುಮಾನ ಉಳಿದಿವೆ. ಶನಿವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ನೆನೆಹಾಕಿ ಒಗೆಯುತ್ತೇನೆ, ಸಾಕೋ? ಮತ್ತೆ ಗೋಡೆ ಚಿಕ್ಕದು, ಬಟ್ಟೆಗಳು ಒಂದಕ್ಕೊಂದು ತಾಗಿಕೊಂಡು ನೇತಾಡುತ್ತವೆ, ಸಂಜೆಯಾದರೂ ಪೂರ್ತಿ ಒಣಗುವುದಿಲ್ಲ. ಪರವಾಗಿಲ್ಲ ತಾನೆ? ಇದಕ್ಕೆ ಬೇಗ ಬರೆ.

ಒಂದು ತುಂಡು ಬಟ್ಟೆ ಉಳಿದಿದೆ. ನಿನಗೆ ಇಟ್ಟಿದ್ದೇನೆ. ಸ್ಕೂಲಿಗೆ ಹೋಗುವಾಗ ನಿನ್ನ ಅಂಗಿಗೆಲ್ಲ ಬಾತುಕೋಳಿ ಹೊಲಿಯುತ್ತಿದ್ದೆ, ಸದಾ ಒದ್ದೆಯಾಗಿರುತ್ತೀಯ ಎಂದು. ಈಗಲೂ ಅದೇ ಸಾಕೋ, ದೊಡ್ಡ ಆಫೀಸರಾದ ಮೇಲೆ ಬೇರೆ ಬೇಕೋ?

ನಿನ್ನ ಅಕ್ಕ

ಏಪ್ರಿಲ್ 2

ತಂಗೀ,

ಆರು ವಾರವಾಯಿತು. ಕೆಲಸ ಜಾಸ್ತಿಯಿರಬೇಕು. ತಪ್ಪಾಗಿದ್ದರೆ ಕೈ ತೊಳೆದುಕೊಂಡು ನನ್ನ ಹಿಂದೆ ಬೀಳುತ್ತಿದ್ದೆ, ಸುಮ್ಮನಿದ್ದೀಯ ಎಂದರೆ ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೇನೆ. ಸೂಪಿನವನೂ ಕೇಳಿದ, ‘ನಿಮ್ ತಂಗಿ ಏನಂದ್ರು?’ ಎಂದು. ‘ಒಪ್ಕೊಂಡಿದ್ದಾಳೆ’ ಎಂದು ಹೇಳಿಬಿಟ್ಟೆ.

ಸಿಪ್ಪೆಯಮ್ಮನ ಬಲಗೈ ಸ್ವಲ್ಪ ಊದಿದೆ. ಹೆಬ್ಬೆರಳಿನ ಬುಡ ಕೆಂಪಾಗಿ ಹೊಳೆಯುತ್ತದೆ. ಡಾಕ್ಟರಿಗೆ ತೋರಿಸು ಎಂದರೆ, ‘ಆಸ್ಪತ್ರೆಗೇ ಅಡುಗೆ ಮಾಡೋಳು ಆಸ್ಪತ್ರೆಗೆ ಹೋದ್ರೆ ನಗ್ತಾರೆ’ ಎನ್ನುತ್ತಾಳೆ. ಮೇಲ್ವಿಚಾರಕರಿಗೆ ಹೇಳಬೇಡ, ಮನೆಗೆ ಕಳಿಸಿಬಿಡುತ್ತಾರೆ ಎಂದು ನನ್ನ ಕೈಯಲ್ಲಿ ಮಾತು ತೆಗೆದುಕೊಂಡಿದ್ದಾಳೆ. ಬಟಾಣಿ ಬಟ್ಟೆಯಲ್ಲಿ ಕೈ ಸುತ್ತಿಕೊಂಡರೆ ಹಾಯೆನಿಸುತ್ತದಂತೆ. ಊಟದ ಬಿಡುವಿನಲ್ಲೆಲ್ಲ ಸುತ್ತಿಕೊಂಡು ಕೂತಿರುತ್ತಾಳೆ.

ಇದನ್ನೇಕೆ ನಿನಗೆ ಬರೆದೆನೋ. ಒಂದು ಸಾಲು ಹಾಕು ಸಾಕು.

ಅಕ್ಕ

ಏಪ್ರಿಲ್ 24

ಅಕ್ಕಾ,

ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಎರಡು ವಾರ್ಡುಗಳಲ್ಲಿ ರೋಗಿಗಳಿಗೆ ವಾಂತಿಯಾಗಿ, ಊಟ ಬರುವ ಅಡುಗೆಮನೆಯಿಂದ ಮಾದರಿ ತೆಗೆದು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದರು. ಜಾಗದ ಹೆಸರಿರಲಿಲ್ಲ, ಬರೀ ನಂಬರು. ನಾನು ಸೀಲು ಒಡೆದು ಹದಿನೇಳನೆಯ ಚೀಲ ಬಿಚ್ಚಿದೆ. ಒಳಗೆ ಬಟ್ಟೆ, ಬಟ್ಟೆಯ ಮೂಲೆಯಲ್ಲಿ ಬಟಾಣಿ ಕಾಯಿ. ದಾರದ ತುದಿಗೆ ಎರಡು ಗಂಟು. ಒಂದೇ ಗಂಟು ಹಾಕಿದರೆ ಬಿಚ್ಚಿಹೋಗುತ್ತದೆ ಎಂದು ನನ್ನ ಅಂಗಿಗೆ ಹಾಕುತ್ತಿದ್ದ ಅದೇ ಎರಡು ಗಂಟು. ಪಕ್ಕದ ಚೀಲದಲ್ಲಿ ಚಕ್ರ, ಅದರ ಪಕ್ಕದಲ್ಲಿ ಸಿಂಹ.

ಸಿಪ್ಪೆ ತೆಗೆಯುವ ಆ ಹೆಂಗಸಿನ ಕೈಯ ಗಾಯದಲ್ಲಿ ಸಿಕ್ಕ ಕ್ರಿಮಿಯೇ ಬಟಾಣಿ ಬಟ್ಟೆಯಲ್ಲಿದೆ. ಅಕ್ಕಪಕ್ಕದ ಹನ್ನೊಂದು ಬಟ್ಟೆಗಳಲ್ಲೂ ಇದೆ. ವಾರವಿಡೀ ಒದ್ದೆಯಾಗಿ ನೇತಾಡುವ ಬಟ್ಟೆಯಲ್ಲಿ ಅದು ಬೆಳೆಯದೆ ಇನ್ನೇನು ಮಾಡುತ್ತದೆ? ಅಕ್ಕಾ, ಒಂದು ಕೈಗೆ ಒಂದು ಬಟ್ಟೆ ಎಂದರೆ ಆಳಿಗೊಂದು ಎಂದಲ್ಲ. ಒಂದು ಸಲ ಕೈ ಒರೆಸಿದರೆ ಆ ಬಟ್ಟೆ ನೇರ ಒಗೆಯುವ ಬುಟ್ಟಿಗೆ. ಮುಂದಿನ ಸಲಕ್ಕೆ ಬೇರೆ ಬಟ್ಟೆ. ನನಗೆ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಬೇರೆ ಅರ್ಥವಿದೆ ಎಂದೇ ಹೊಳೆಯಲಿಲ್ಲ.

ವಿಚಾರಣೆ ನಡೆಯುತ್ತದೆ. ನಿನ್ನನ್ನು ಕರೆಯುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡು.

ನಾನು ಜನವರಿಯಲ್ಲಿ ಬರೆದ ಕಾಗದ ಈಗ ಎಲ್ಲಿದೆ?

ತಂಗಿ

ಮೇ 5

ತಂಗೀ,

ಸಿಪ್ಪೆಯಮ್ಮ ಏಪ್ರಿಲ್ ಇಪ್ಪತ್ತೊಂಬತ್ತರಂದು ತೀರಿಕೊಂಡಳು. ಸೀಳಿನಿಂದ ಹೊಕ್ಕದ್ದು ರಕ್ತಕ್ಕೆ ಸೇರಿತು ಎಂದರು. ತಾನು ಮೂವತ್ತು ವರ್ಷ ಊಟ ಕಳಿಸಿದ ವಾರ್ಡಿನಲ್ಲೇ ಮಲಗಿದ್ದಳು. ನಾನು ನೋಡಲು ಹೋದಾಗ ಬ್ಯಾಂಡೇಜು ಸುತ್ತಿದ ಕೈ ಎತ್ತಿ, ‘ನನ್ ಬಟ್ಟೆ ಯಾರೂ ಮುಟ್ಟಿಲ್ಲ ತಾನೆ?’ ಎಂದು ಕೇಳಿದಳು. ಇಲ್ಲ ಎಂದೆ. ಅಷ್ಟರಲ್ಲಾಗಲೇ ನಿನ್ನ ಚೀಲದಲ್ಲಿತ್ತು.

ವಿಚಾರಣೆ ಆಯಿತು. ಉದ್ದ ಮೇಜು, ಮೂವರು. ‘ಈ ಪದ್ಧತಿ ನಿಮಗೆ ಯಾರು ಹೇಳಿಕೊಟ್ಟಿದ್ದು?’ ಎಂದು ಕೇಳಿದರು. ‘ಯಾರೂ ಇಲ್ಲ ಸಾರ್, ನನ್ ತಲೆಗೇ ಹೊಳೀತು’ ಎಂದೆ. ಮೇಲ್ವಿಚಾರಕರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಗೋಡೆಯ ಮೇಲಿನ ಕಾಗದಕ್ಕೆ ಅವರೂ ತಲೆಯಾಡಿಸಿದ್ದರಲ್ಲ, ಕಾಗದವೇ ಇರಲಿಲ್ಲ ಎಂದರೆ ಅವರಿಗೂ ಒಳ್ಳೆಯದಾಯಿತು. ಅವರು ಬಾಯಿಗೆ ಬೀಗ ಹಾಕಿಕೊಂಡರು. ಗಾಯದ ಕೈಯನ್ನು ನೋಡಿಯೂ ಹೇಳಲಿಲ್ಲವೇ ಎಂದೂ ಕೇಳಿದರು. ನೋಡಿದ್ದೆ, ಹೇಳಲಿಲ್ಲ ಎಂದೆ. ಅದೊಂದು ನಿಜ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಇನ್ನು ಆಸ್ಪತ್ರೆಗೆ ಸೇರಿದ ಯಾವ ಕೆಲಸಕ್ಕೂ ನನ್ನನ್ನು ತೆಗೆದುಕೊಳ್ಳುವಂತಿಲ್ಲವಂತೆ.

ಕಾಗದ ಎಲ್ಲಿದೆ ಎಂದು ಕೇಳಿದ್ದೀಯ. ಬಟ್ಟೆಗಳನ್ನು ಚೀಲಕ್ಕೆ ಹಾಕುವವರು ಬಾಗಿಲಿಗೆ ಬಂದ ಕೂಡಲೇ ಗೋಡೆಯಿಂದ ಕಿತ್ತು ಕುಪ್ಪಸದೊಳಗೆ ಇಟ್ಟುಕೊಂಡೆ. ಅಂದರೆ ನೀನು ಕೇಳುವುದಕ್ಕೆ ಆರು ದಿನ ಮೊದಲೇ. ಇದರ ಜೊತೆ ಕಳಿಸುತ್ತಿದ್ದೇನೆ. ಒಂದು ಮೂಲೆ ಹರಿದಿದೆ.

ನಿನ್ನ ಸಾಲನ್ನು ತಪ್ಪು ತಿಳಿದವಳು ನಾನು. ಅದಕ್ಕೆ ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ಫೆಬ್ರವರಿಯಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಮೊಳೆ, ಗೋಡೆ, ಶನಿವಾರ, ತಾಗಿಕೊಂಡು ನೇತಾಡುವುದು, ಎಲ್ಲ. ಅದನ್ನು ಓದಿಯೂ ನೀನೇಕೆ ಸುಮ್ಮನಿದ್ದೆ ಎಂಬುದೊಂದು ನನಗೆ ಅರ್ಥವಾಗುತ್ತಿಲ್ಲ. ಮತ್ತೆ, ಕಾಗದ ಎಲ್ಲಿದೆ ಎಂದು ನೀನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ಸಿಪ್ಪೆಯಮ್ಮನ ಮಗಳು ಬಂದಿದ್ದಳು. ‘ಅಮ್ಮಂದೊಂದು ಬಟಾಣಿ ಬಟ್ಟೆ ಇತ್ತಂತೆ, ಮನೇಲಿ ಅದೇ ಮಾತು, ಅದನ್ನ ಕೊಡ್ತೀರಾ?’ ಎಂದು ಕೇಳಿದಳು. ನನ್ನ ಬಳಿ ಇಲ್ಲ ಎಂದೆ. ಎಲ್ಲಿದೆ ಎಂದು ಹೇಳಲಿಲ್ಲ. ಏಕೆ ಎಂದೂ ಹೇಳಲಿಲ್ಲ.

ಅಕ್ಕ

ಜುಲೈ 8

ಅಕ್ಕಾ,

ಎರಡು ತಿಂಗಳಿಂದ ಎಷ್ಟೋ ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನಿನ್ನ ಫೆಬ್ರವರಿಯ ಕಾಗದವನ್ನು ನಾನು ಓದಿರಲಿಲ್ಲ. ಮೊದಲ ಪುಟದಲ್ಲಿ ಪರದೆ, ಆ ಹೆಂಗಸು, ನೀನು ಒಗೆದ ಪರದೆಗಳು. ಚುಚ್ಚಲೆಂದೇ ಬರೆದಿದ್ದಾಳೆ ಎಂದು ಸಿಟ್ಟು ಬಂತು. ಮಡಿಚಿ ಡ್ರಾಯರಿಗೆ ಎಸೆದೆ. ಏಪ್ರಿಲ್‌ನ ಕಾಗದವನ್ನು ಒಡೆಯಲೇ ಇಲ್ಲ. ಬಟಾಣಿ ಕಾಯಿಯನ್ನು ಕಂಡ ಸಂಜೆ ಮನೆಗೆ ಬಂದು ಎರಡನ್ನೂ ಓದಿದೆ. ಎರಡನೆಯ ಪುಟದಲ್ಲಿ ನಿನ್ನ ಎರಡು ಅನುಮಾನಗಳಿದ್ದವು. ಅವಕ್ಕೆ ಉತ್ತರ ಬರೆಯಲು ನನಗೆ ಎರಡು ನಿಮಿಷ ಸಾಕಿತ್ತು. ಅದನ್ನೆಲ್ಲ ಓದಿ ಮುಗಿಸಿದ ಮೇಲೂ ನಾನು ನಿನಗೆ ಬರೆದದ್ದು, ನನ್ನ ಕಾಗದ ಎಲ್ಲಿದೆ ಎಂದು. ನನಗೆ ನನ್ನ ಕೆಲಸದ ಭಯವಿತ್ತು. ಬೇರೆ ಯಾವ ಸಬೂಬೂ ಇಲ್ಲ.

ವರದಿಯನ್ನೂ ನಾನೇ ಬರೆದೆ. ‘ತಿಳುವಳಿಕೆಯಿಲ್ಲದ ಸಿಬ್ಬಂದಿಯೊಬ್ಬರು ಸ್ವಂತ ಬುದ್ಧಿಯಿಂದ ಆರಂಭಿಸಿದ ಪದ್ಧತಿ’ ಎಂದು ಬರೆದು ಸಹಿ ಹಾಕಿದೆ.

ಕಳೆದ ತಿಂಗಳು, ನೀನು ಕಳಿಸಿದ ಕಾಗದ ಹಿಡಿದು ನಮ್ಮ ಮುಖ್ಯಸ್ಥರ ಕೋಣೆಗೆ ಹೋದೆ. ಈ ಸಾಲು ನನ್ನದು, ಕೇಳಿದವಳು ನನ್ನ ಅಕ್ಕ, ಅವಳು ಮತ್ತೆ ಕೇಳಿದಾಗ ನಾನು ಓದಲಿಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ‘ವಾಕ್ಯದಲ್ಲಿ ತಪ್ಪೇನಿಲ್ವಲ್ಲ’ ಎಂದರು. ಫೈಲು ಮುಚ್ಚಿದೆ, ಮತ್ತೆ ತೆರೆದರೆ ಎಲ್ಲರಿಗೂ ತೊಂದರೆ ಎಂದರು. ಕಾಗದವನ್ನು ನನಗೇ ವಾಪಸು ಕೊಟ್ಟರು. ನಾನು ವಿಚಾರಣೆಯವರಿಗೂ ಬರೆದೆ. ‘ಗಮನಿಸಲಾಗಿದೆ’ ಎಂದು ಒಂದು ಸಾಲು ಬಂತು. ಹೀಗೆ ಎಲ್ಲರೂ ಕೈ ತೊಳೆದುಕೊಂಡರು. ನಿನ್ನ ಕೆಲಸವನ್ನು ವಾಪಸು ಕೊಡಿಸಲು ನನ್ನಿಂದಾಗಲಿಲ್ಲ. ತಡಮಾಡದೆ ಹೋಗಿದ್ದರೆ ಆಗುತ್ತಿತ್ತೇನೋ.

ಮಾದರಿಗಳನ್ನು ಸುಡುವ ದಿನ ಬಂದಿತ್ತು. ಬಟಾಣಿ ಬಟ್ಟೆಯನ್ನು ನಾನು ಬೇರೆ ಇಟ್ಟು, ಉಪಕರಣ ಶುದ್ಧಿ ಮಾಡುವ ಉಗಿಯ ಪೆಟ್ಟಿಗೆಯಲ್ಲಿ ಮೂರು ಸಲ ಹಾಕಿ ತೆಗೆದೆ. ನಿಯಮಕ್ಕೆ ವಿರುದ್ಧ, ಗೊತ್ತು. ಈಗ ಅದರಲ್ಲಿ ಏನೂ ಬದುಕಿಲ್ಲ, ಪರೀಕ್ಷೆ ಮಾಡಿಯೇ ಕಳಿಸುತ್ತಿದ್ದೇನೆ. ಹಸಿರು ಸ್ವಲ್ಪ ಮಾಸಿದೆ. ಗಂಟು ಬಿಚ್ಚಿಲ್ಲ.

ನಾನು ಬರಲೇ ಅಕ್ಕಾ?

ಒದ್ದೆಕೈ

ಜುಲೈ 27

ತಂಗೀ,

ಬಟ್ಟೆ ತಲುಪಿತು. ನೀನು ಓದಿರಲಿಲ್ಲ ಎಂದು ತಿಳಿದು ಮೊದಲು ಸಮಾಧಾನವಾಯಿತು. ಬೇಕೆಂದು ಸುಮ್ಮನಿರಲಿಲ್ಲವಲ್ಲ ಎಂದು. ಆಮೇಲೆ ಅಳು ಬಂತು. ಬಹಳ ಅತ್ತೆ. ನಿನ್ನ ಮೇಲಿನ ಸಿಟ್ಟಿಗೂ ಅತ್ತೆ, ಆ ಪರದೆಯ ತಮಾಷೆಯನ್ನು ಮೊದಲ ಪುಟದಲ್ಲೇ ಬರೆದ ನನ್ನ ಬಾಯಿಚಪಲಕ್ಕೂ ಅತ್ತೆ. ಎರಡು ಅನುಮಾನ ಮೊದಲು ಬರೆದು ತಮಾಷೆಯನ್ನು ಕೊನೆಗಿಟ್ಟಿದ್ದರೆ ಆ ಮುದುಕಿ ಇವತ್ತು ಮಷೀನಿಗೆ ಬೈಯುತ್ತಾ ಬದುಕಿರುತ್ತಿದ್ದಳು.

ಭಾನುವಾರ ಸಿಪ್ಪೆಯಮ್ಮನ ಮಗಳ ಮನೆಗೆ ಹೋದೆ. ಬಟ್ಟೆಯನ್ನು ಕೈಗೆ ಕೊಡುವ ಮೊದಲು ಎಲ್ಲವನ್ನೂ ಹೇಳಿದೆ. ಈ ಬಟ್ಟೆಯಿಂದಲೇ ಆದದ್ದು, ಇದನ್ನು ಹೊಲಿದವಳು ನಾನು ಎಂದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರವಾಗುತ್ತಿತ್ತು. ಬಟಾಣಿಯ ಐದು ಕಾಳನ್ನು ಬೆರಳಿಂದ ಒಂದೊಂದಾಗಿ ಮುಟ್ಟಿದಳು.

‘ನಿಮಗೆ ಹೀಗ್ ಮಾಡಿ ಅಂತ ಹೇಳಿದ್ದು ಯಾರು?’ ಎಂದು ಕೇಳಿದಳು. ಮೂವರ ಮುಂದೆ ಹೇಳಿದ ಸುಳ್ಳು ಅವಳ ಮುಂದೆ ಬಾಯಿಗೆ ಬರಲಿಲ್ಲ. ‘ನನ್ನ ತಂಗಿ’ ಎಂದೆ. ‘ಅವಳು ಹೇಳಿದ್ದು ಬೇರೆ, ನಾನು ತಿಳಿದದ್ದು ಬೇರೆ. ಮತ್ತೆ ಕೇಳಿದೆ, ಉತ್ತರ ಬರಲಿಲ್ಲ.’

ಅವಳು ಬಟ್ಟೆಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು, ‘ಅವ್ರು ಒಂದ್ಸಲ ಬರ್ಲಿ. ನಂಗೇನೂ ಬೇಡ. ಬಂದು ನನ್ನೆದುರು ಕೂತ್ಕೊಂಡು ಹೇಳ್ಲಿ’ ಎಂದಳು.

ಆದ್ದರಿಂದ ಬಾ. ನಾನು ಅವಳ ಮನೆಯ ಬಾಗಿಲವರೆಗೆ ನಿನ್ನ ಜೊತೆ ಬರುತ್ತೇನೆ. ಒಳಗೆ ನೀನೊಬ್ಬಳೇ ಹೋಗಬೇಕು. ಚಿಕ್ಕವಳಿದ್ದಾಗ ನೀನು ಏನು ಒಡೆದರೂ ನಾನು ಮುಂದೆ ನಿಂತು ಬೈಸಿಕೊಳ್ಳುತ್ತಿದ್ದೆ. ಇದೊಂದು ಸಲ ನನ್ನಿಂದಾಗುವುದಿಲ್ಲ.

ನಮ್ಮ ಮನೆಯ ಬಚ್ಚಲಿನಲ್ಲಿ ನಿನಗೊಂದು ಮೊಳೆ ಹೊಡೆದಿದ್ದೇನೆ, ನನ್ನ ಮೊಳೆಯಿಂದ ಎರಡು ಗೇಣು ದೂರದಲ್ಲಿ. ಆ ಉಳಿದ ತುಂಡನ್ನು ಕುದಿಸಿ, ಬಿಸಿಲಿಗೆ ಒಣಗಿಸಿ ತೂಗುಹಾಕಿದ್ದೇನೆ. ಬಾತುಕೋಳಿ ಹೊಲಿಯಲು ನಿನ್ನೆ ಸಂಜೆ ಸೂಜಿಗೆ ದಾರ ಪೋಣಿಸಿ ಕೂತೆ, ಕೈ ಬರಲಿಲ್ಲ. ಬೇರೆ ಏನು ಹೊಲಿಯಲಿ ಎಂದೂ ತಿಳಿಯಲಿಲ್ಲ. ಮೂಲೆ ಖಾಲಿ ಬಿಟ್ಟಿದ್ದೇನೆ.

ಅಕ್ಕ